ಪರವಾಗಿಲ್ಲ

ದೇಂಕಣಿಕೋಟೆಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನಲ್ಲಿ
ಸಂಪಂಗಪ್ಪನವರು ನನಗೆ ತಮ್ಮ ಕೈ ಬರೆದುಕೊಟ್ಟರು.
ಜಮೀನಲ್ಲ, ಕ್ವಾರಿಯಲ್ಲ; ಕೈ.
ತಮಿಳಿನ ಛಾಪಾಕಾಗದ, ನಾಲ್ಕು ಪುಟ:
ಮಾರಲು, ಕೊಳ್ಳಲು, ಬ್ಯಾಂಕಿಗೆ ಕಟ್ಟಲು, ಬಿಡಿಸಿಕೊಳ್ಳಲು,
ನನ್ನ ಬದಲಿಗೆ ಎಲ್ಲೆಲ್ಲಿ ಸಹಿ ಬೇಕೋ ಅಲ್ಲಲ್ಲಿ.
ಹೆಬ್ಬೆರಳಿನ ಮಸಿಯನ್ನು ಬೆಂಚಿನ ಅಡಿಗೆ ಒರೆಸಿ
ಸಾಕ್ಷಿಗೆ ಬಂದ ಟೀ ಅಂಗಡಿಯವನಿಗೆ ಪರವಾಯಿಲ್ಲೈ ಅಂದರು,
ಗುಮಾಸ್ತನಿಗೆ ಪರವಾಲೇದು,
ನಾನು ಇನ್ನೂ ಓದುತ್ತಿದ್ದೆ, ನನಗೆ ನಮ್ಮ ಮಾತಲ್ಲಿ
ಪರವಾಗಿಲ್ಲ ಬಿಡು ರತ್ನವೇಣಿ.
ಈ ಊರಲ್ಲಿ ಮೂರು ಭಾಷೆಗೂ ಒಂದೇ ಸಮಾಧಾನ.

ಆಮೇಲೆ ವೆಲ್ಲೂರಿಗೆ ಹೋದರು, ಎದೆ ಬಿಚ್ಚಿಸಿಕೊಳ್ಳಲು.

ನಮ್ಮದು ಕರಿಕಲ್ಲು. ಬಂಡೆ ಕೊಯ್ದು, ಹಲಗೆ ಮಾಡಿ,
ಹಲ್ಲು ಎಣಿಸುವಷ್ಟು ಉಜ್ಜಿ ಪೋಲೆಂಡಿಗೆ ಕಳಿಸುತ್ತೇವೆ.
ಅಲ್ಲಿ ಅವು ಗೋರಿಗಳ ತಲೆಗೆ ನಿಲ್ಲುತ್ತವೆ.
ಹೆಸರು ಕೊರೆಯುವುದು ಅವರ ಕೆಲಸ.
ಇಲ್ಲಿಂದ ಹೋಗುವಾಗ ಎಲ್ಲವೂ ಬರಿ ಕಲ್ಲು,
ಇನ್ನೂ ಯಾರೂ ಸಾಯದ ಕಲ್ಲು.

ಮಂಗಳವಾರ ಕರಾರು ಬಂತು. ಹದಿನೆಂಟು ಪುಟ, ಇಂಗ್ಲಿಷು.
ಹನ್ನೊಂದನೆಯ ಪುಟದಲ್ಲಿ ಸಾಸಿವೆಯಂಥ ಅಕ್ಷರ:
ಜಗಳವಾದರೆ ಲಂಡನ್ನಿನಲ್ಲಿ, ಅಲ್ಲಿಯ ಕಾನೂನಿನಂತೆ.
ಜಗಳ ಯಾಕಾಗುತ್ತದೆ, ಎಂದುಕೊಂಡೆ.
ನನ್ನ ನಾಲ್ಕು ಪುಟದಲ್ಲಿ ಲಂಡನ್ ಇರಲಿಲ್ಲ,
ಸಮುದ್ರವೇ ಇರಲಿಲ್ಲ.
ಕೊನೆಯ ಪುಟದ ಗೆರೆಯ ಮೇಲೆ
ಪಿ. ರತ್ನವೇಣಿ ಎಂದು ಬರೆದೆ, ಸ್ಕ್ಯಾನ್ ಮಾಡಿ ಕಳಿಸಿದೆ.
ನಾಲ್ಕು ಗಂಟೆ ಹತ್ತು ನಿಮಿಷ.

ಅವರು ಹೋಗಿದ್ದು ಮೂರು ಇಪ್ಪತ್ತೈದಕ್ಕೆ.
ಫೋನು ಬಂದಾಗ ಐದೂವರೆ.
ಆ ನಲವತ್ತೈದು ನಿಮಿಷ
ನಾನು ಯಾರ ಕೈಯಾಗಿದ್ದೆ?
ಪೋಲೆಂಡಿನ ಗಡಿಯಾರದಲ್ಲಿ ಆಗಿನ್ನೂ ಹನ್ನೆರಡಕ್ಕೆ ಐದು ಕಮ್ಮಿ;
ಅವರ ಲೆಕ್ಕಕ್ಕೆ ಊಟಕ್ಕೆ ಮುಂಚೆ ಸತ್ತರು ಸಂಪಂಗಪ್ಪ,
ನಮ್ಮ ಲೆಕ್ಕಕ್ಕೆ ಎಲೆ ಎತ್ತಿದ ಮೇಲೆ.

ಹೊಸೂರಿನ ವಕೀಲೆ ತಿಲಗವತಿ ಕನ್ನಡಕ ಹಣೆಗೇರಿಸಿ ಓದಿದರು.
"ಕೊಟ್ಟವನು ಸತ್ತರೆ ಕೊಟ್ಟದ್ದೂ ಸತ್ತ ಹಾಗೆ.
ಗೊತ್ತಿರಲಿಲ್ಲ ಅಂದರೆ ನಮ್ಮ ಕಾನೂನು ಸ್ವಲ್ಪ ಕರಗುತ್ತೆ.
ಅವರದು ಕರಗುತ್ತೋ ಇಲ್ಲವೋ ಅಲ್ಲೇ ಕೇಳಬೇಕು,
ಕೇಳೋದಕ್ಕೂ ಫೀಸು.
ಅದಿರಲಿ, ಇಲ್ಲಿ ನೋಡಮ್ಮ." ಬೆರಳು ಗೆರೆಯ ಮೇಲೆ.
"ಬರಿ ನಿನ್ನ ಹೆಸರು. ಯಾರ ಪರವಾಗಿ ಅಂತ ಎಲ್ಲಿದೆ?"

ಪರವಾಗಿ ಇಲ್ಲ.
ಇಪ್ಪತ್ತೆರಡು ವರ್ಷ ಕೇಳಿದ ಮಾತೇ,
ನಡುವೆ ಒಂದು ಉಸಿರು ಬಿಟ್ಟರೆ ಹೀಗೆ ಕೇಳಿಸುತ್ತದೆ.

ಹನ್ನೊಂದರ ಕಾರ್ಯ ಮುಗಿಸಿ ಅವರ ತಮ್ಮ ಕ್ವಾರಿಗೆ ಬೀಗ ಹಾಕಿದ.
ಕರಾರು ಅಣ್ಣ ಮಾಡಿಲ್ಲ, ನಾವು ಮಾಡಿಲ್ಲ,
ಮಾಡಿದವರು ಕಲ್ಲು ಕಳಿಸಲಿ.
ಮೂರು ತಿಂಗಳಿಗೆ ಲಂಡನ್ನಿನ ನೋಟೀಸು,
ಪರದೇಶದಿಂದ ನನ್ನ ಹೆಸರಿಗೇ ಬಂದ ಮೊದಲ ಕಾಗದ.
ಒಂದು ಲಕ್ಷ ಎಂಬತ್ತು ಸಾವಿರ ಯೂರೋ.
ಅಂದರೆ ಎಷ್ಟೇ, ಎಂದಳು ಅಮ್ಮ.
ನಮ್ಮ ಬೀದಿ ಅಷ್ಟೂ, ಎಂದೆ,
ಆಚೆ ಬದಿಯನ್ನೂ ಸೇರಿಸಿ.

ಬೇಲಿಯ ಆಚೆ ಹಲಗೆಗಳು ಸಾಲಾಗಿ ನಿಂತಿವೆ, ಬೆನ್ನಿಗೆ ಬೆನ್ನು ಕೊಟ್ಟು.
ಉಜ್ಜುವ ಮಾದೇಶನಿಗೆ ಕೆಲಸವಿಲ್ಲ, ಆದರೂ ಬರುತ್ತಾನೆ,
ಪಕ್ಷಿ ಹಿಕ್ಕೆ ತೊಳೆಯುತ್ತಾನೆ.
ಈ ಕಲ್ಲಿಗಾಗಿ ಅಲ್ಲಿ ಸತ್ತವರು ಕಾಯ್ತಾ ಇರ್ತಾರಾ ಅಕ್ಕ?
ವಕೀಲರನ್ನು ಕೇಳಿ ಹೇಳುತ್ತೇನೆ, ಎಂದೆ.
ನಗಲಿಲ್ಲ ಅವನು.

ನಿನ್ನೆ ಪಕ್ಕದ ಮನೆ ಕುಪ್ಪಮ್ಮನಿಗೆ ಕೊರಿಯರ್. ಬಾಗಿಲಿಗೆ ಬೀಗ.
ಹುಡುಗ ಹಾಳೆ ಚಾಚಿದ: ಒಂದು ಸಹಿ ಅಕ್ಕ,
ನೀವೇ ಹಾಕಿ, ಪರವಾಗಿಲ್ಲ.
ಕುಪ್ಪಮ್ಮನವರ ಪರವಾಗಿ, ಎಂದು ಮೊದಲು ಬರೆದೆ.
ತಾರೀಕು. ಗಂಟೆ. ನಿಮಿಷ.
ಆಮೇಲೆ ಅವಳಿಗೆ ಫೋನ್ ಮಾಡಿ,
ಅವಳು ಹಲೋ ಅನ್ನುವ ತನಕ
ನನ್ನ ಹೆಸರು ಬರೆಯಲಿಲ್ಲ.